ಗಾಳಿಗೆ ತಕ್ಕ ತೈಲ

ಕಮ್ಮಾರನ ಕುಲುಮೆಯ ಮುಂದೆ ಅರ್ಧ ಗಳಿಗೆ ನಿಂತವರಿಗೆ ಒಂದು ಸಂಗತಿ ಯಾರೂ ಹೇಳದೆಯೇ ತಿಳಿಯುತ್ತದೆ. ತಿದಿಯನ್ನು ಒತ್ತಿದಷ್ಟೂ ಬೆಂಕಿ ಕೆರಳುತ್ತದೆ. ಆದರೆ ಇದ್ದಿಲು ಸಾಲದೆ ಹೋಯಿತೆಂದರೆ ಅದೇ ಗಾಳಿ ಕಾಯಲು ಇಟ್ಟ ಕಬ್ಬಿಣವನ್ನೇ ಸುಟ್ಟು ಕಿಟ್ಟ ಮಾಡುತ್ತದೆ. ಆದುದರಿಂದಲೇ ಅನುಭವಸ್ಥನಾದ ಕಮ್ಮಾರನ ಒಂದು ಕೈ ತಿದಿಯ ಮೇಲಿದ್ದರೆ, ಕಣ್ಣು ಮಾತ್ರ ಸದಾ ಇದ್ದಿಲಿನ ಮೇಲಿರುತ್ತದೆ. ಕೆಲವು ವರ್ಷ ವಿದ್ಯಾರ್ಥಿಗಳಿಗೆ ಉಷ್ಣಯಂತ್ರಗಳ ಪಾಠ ಹೇಳಿದ ನನಗೆ, ಸೂಪರ್‌ಚಾರ್ಜರು ತೊಡಿಸಿದ ವೇಗದ ಕಾರಿನ ಇಂಧನವ್ಯವಸ್ಥೆಯನ್ನು ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಮೆ ದೊರೆತಿಲ್ಲ.

ಮೋಟಾರಿನ ಎಂಜಿನ್ನು ಎಷ್ಟು ಶಕ್ತಿಯನ್ನು ಕೊಡಬಲ್ಲುದು ಎಂಬುದನ್ನು ನಿರ್ಧರಿಸುವುದು ಪೆಟ್ರೋಲಲ್ಲ, ಗಾಳಿ. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಅದನ್ನು ಉರಿಸುವಷ್ಟು ಗಾಳಿ ಸಿಲಿಂಡರಿನೊಳಗೆ ಸೇರಬೇಕಲ್ಲ! ಸಾಮಾನ್ಯ ಎಂಜಿನ್ನು ವಾತಾವರಣದ ಒತ್ತಡದಿಂದ ಒಳಬಂದಷ್ಟು ಗಾಳಿಯಲ್ಲಿ ತೃಪ್ತಿಪಡುತ್ತದೆ. ಸೂಪರ್‌ಚಾರ್ಜರು ಅದಕ್ಕೆ ತಗುಲಿಸಿದ ಯಂತ್ರತಿದಿ. ಎಂಜಿನ್ನಿನ ಬಲದಿಂದಲೇ ತಿರುಗಿ, ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಇದರಲ್ಲಿ ಬಹು ಪ್ರಸಿದ್ಧವಾದ ಬಗೆಗೆ ಹೆಸರು ಬಂದದ್ದು ಅಮೆರಿಕದ ಇಂಡಿಯಾನಾ ಸಂಸ್ಥಾನದ ರೂಟ್ಸ್ ಸಹೋದರರಿಂದ. ೧೮೬೦ರಲ್ಲಿ ಅವರು ಹಕ್ಕುಪತ್ರ ಪಡೆದ ಈ ಯಂತ್ರ, ಮೋಟಾರು ಹುಟ್ಟುವ ಮೊದಲೇ ಕಬ್ಬಿಣದ ಕುಲುಮೆಗಳಿಗೆ ಗಾಳಿಯೂದುತ್ತಿತ್ತು. ನನ್ನ ಉಪಮೆ ಬರಿಯ ಅಲಂಕಾರವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ತೂಕ ಗಾಳಿ ಬೇಕು. ತಿದಿ ಗಾಳಿಯನ್ನು ಇಮ್ಮಡಿಸಿದರೆ ತೈಲವೂ ಇಮ್ಮಡಿಯಾಗಬೇಕು. ಹೇಳುವುದಕ್ಕೆ ಇದು ಪ್ರಾಥಮಿಕ ಶಾಲೆಯ ತ್ರೈರಾಶಿ. ಮಾಡುವಾಗ ಮಾತ್ರ ಮೊದಲ ಹೆಜ್ಜೆಯಲ್ಲಿಯೇ ಒಂದು ಕವಲುದಾರಿ ಎದುರಾಗುತ್ತದೆ: ತೈಲವನ್ನು ಗಾಳಿಗೆ ಬೆರೆಸುವುದು ತಿದಿಯ ಮುಂಚೆಯೋ, ಅನಂತರವೋ?

ಈ ಎರಡು ಮತಗಳೂ ೧೯೩೦ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಮುಖಾಮುಖಿಯಾದವು. ಇಂಗ್ಲಿಷರ ನಾಲ್ಕೂವರೆ ಲೀಟರಿನ ‘ಬ್ಲೋವರ್’ ಬೆಂಟ್ಲಿಯಲ್ಲಿ ಆಮ್‌ಹರ್ಸ್ಟ್ ವಿಲಿಯರ್ಸ್ ರಚಿಸಿದ ತಿದಿಯು ರೇಡಿಯೇಟರಿನ ಮುಂದುಗಡೆ, ಕಾರಿನ ಮೂತಿಯಂತೆ ಚಾಚಿಕೊಂಡಿತ್ತು. ಎಸ್.ಯು. ಕಾರ್ಬುರೇಟರುಗಳೆರಡು ಅದರ ಪಕ್ಕದಲ್ಲಿದ್ದು, ಗಾಳಿಯೂ ಪೆಟ್ರೋಲೂ ಬೆರೆತೇ ತಿದಿಯನ್ನು ಹೊಗುತ್ತಿದ್ದವು. ಎದುರಾಳಿ ಕಾರಾಚೋಲಾ ನಡೆಸಿದ ಜರ್ಮನ್ ಮರ್ಸಿಡಿಸಿನಲ್ಲಿ ಕ್ರಮ ತಲೆಕೆಳಗು. ಚಾಲಕನು ಪೆಡಲನ್ನು ಕೊನೆಯವರೆಗೆ ಒತ್ತಿದಾಗ ಮಾತ್ರ ತಿದಿ ಎಚ್ಚರಗೊಂಡು, ಚೀರುತ್ತ, ಬರಿಯ ಗಾಳಿಯನ್ನು ಕಾರ್ಬುರೇಟರಿನ ಮೂಲಕ ತಳ್ಳುತ್ತಿತ್ತು.

ಮೊದಲನೆಯ ಕ್ರಮದಲ್ಲಿ ಒಂದು ಸುಖವುಂಟು. ಕಾರ್ಬುರೇಟರು ವಾತಾವರಣದ ಸಹಜವಾದ ಒತ್ತಡದಲ್ಲಿಯೇ ಕೆಲಸ ಮಾಡುತ್ತದೆ. ತಿದಿಯೊಳಗೆ ತೈಲ ಆವಿಯಾಗುತ್ತ ಗಾಳಿಯನ್ನೂ ಲೋಹವನ್ನೂ ತಂಪುಮಾಡುತ್ತದೆ. ಆದರೆ ತಿದಿಯಿಂದ ಸಿಲಿಂಡರಿನವರೆಗಿನ ಕೊಳವೆಯೆಲ್ಲ ಉರಿಯಬಲ್ಲ ಮಿಶ್ರಣದಿಂದ ತುಂಬಿರುವುದರಿಂದ, ಕವಾಟದ ಮೂಲಕ ಒಂದು ಕಿಡಿ ಹಿಂದಿರುಗಿತೆಂದರೆ ಅನಾಹುತ. ಎರಡನೆಯ ಕ್ರಮದಲ್ಲಿ ಆ ಭಯವಿಲ್ಲ. ಬದಲಾಗಿ ಬೇರೊಂದು ಒಗಟು. ಕಾರ್ಬುರೇಟರಿನ ಕೊಳವೆಯೊಳಗೆ ಒತ್ತಡ ಏರಿದಾಗ ತೈಲವಿರುವ ಬಟ್ಟಲಲ್ಲಿಯೂ ಅಷ್ಟೇ ಏರದಿದ್ದರೆ, ತೈಲ ಹೊರಬರುವ ಬದಲು ಹಿಂದಕ್ಕೆ ಸರಿಯುತ್ತದೆ. ಬಟ್ಟಲಿಗೆ ತೈಲ ಕಳುಹಿಸುವ ಪಂಪು ಆ ಒತ್ತಡವನ್ನೂ ಮೀರಿ ತಳ್ಳಬೇಕಾಗುತ್ತದೆ. ಕಡೆಗೆ ಮರ್ಸಿಡಿಸ್ ಸಂಸ್ಥೆಯವರು ಕೂಡ ೧೯೩೭ರಲ್ಲಿ ತಮ್ಮ ಗ್ರಾಂಪ್ರಿ ಕಾರಿನಲ್ಲಿ ಕಾರ್ಬುರೇಟರನ್ನು ತಿದಿಯ ಮುಂದಕ್ಕೆ ತಂದರು.

ಲ ಮಾನಿನಲ್ಲಿ ಗೆದ್ದವರು ಈ ಇಬ್ಬರಲ್ಲಿ ಯಾರೂ ಅಲ್ಲ. ಬಿರ್ಕಿನ್ನನ ತಂಡದ ಬ್ಲೋವರುಗಳೆರಡೂ ನಿಂತುಹೋದವು, ಮರ್ಸಿಡಿಸೂ ನಿಂತಿತು. ತಿದಿಯಿಲ್ಲದ ಆರೂವರೆ ಲೀಟರಿನ ಬೆಂಟ್ಲಿ ಗೆದ್ದಿತು. ತಿದಿಗಿಂತ ದೊಡ್ಡ ಎಂಜಿನ್ನೇ ಲೇಸೆಂದು ಡಬ್ಲ್ಯು. ಓ. ಬೆಂಟ್ಲಿಯವರು ಮೊದಲಿನಿಂದಲೂ ವಾದಿಸುತ್ತಿದ್ದರು. ಆದರೆ ಅದೇ ವರ್ಷ ಪೋ ನಗರದ ಫ್ರೆಂಚ್ ಗ್ರಾಂಪ್ರಿಯಲ್ಲಿ ಬಿರ್ಕಿನ್ ಭಾರವಾದ ಬ್ಲೋವರನ್ನೋಡಿಸಿ, ಹಗುರವಾದ ಬುಗಾಟಿಗಳ ನಡುವೆ ಎರಡನೆಯವನಾಗಿ ಬಂದನೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಈ ಒತ್ತಡದ ಒಗಟು ಇಂದಿನ ಕಾರುಗಳಲ್ಲಿಯೂ ಬೇರೆ ರೂಪದಲ್ಲಿ ಉಳಿದಿದೆ. ಈಗ ಕಾರ್ಬುರೇಟರಿನ ಬದಲು ಇಂಜೆಕ್ಟರುಗಳಿವೆ. ಪಂಪಿನಿಂದ ಬಂದ ತೈಲವನ್ನು ಅವು ಕ್ಷಣಮಾತ್ರ ಬಾಯಿ ತೆರೆದು ಸಿಂಪಡಿಸುತ್ತವೆ. ಕೊಳವೆಯಲ್ಲಿ ತೈಲದ ಒತ್ತಡ ೩ ಬಾರ್ ಇದೆಯೆನ್ನಿ. ತಿದಿ ೧ ಬಾರ್ ಗಾಳಿಯನ್ನು ಎದುರಿನಿಂದ ಊದಿದರೆ ತೈಲವನ್ನು ತಳ್ಳುವುದಕ್ಕೆ ಉಳಿಯುವುದು ೨ ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ನೂರರಲ್ಲಿ ಹದಿನೆಂಟು ಪಾಲು ತೈಲ ಕಡಮೆಯಾಗುತ್ತದೆ. ಎಂಜಿನ್ನು ಇಮ್ಮಡಿ ತೈಲ ಬೇಡುವ ಗಳಿಗೆಯಲ್ಲಿಯೇ ಅದಕ್ಕೆ ದೊರೆಯುವುದು ಮೊದಲಿಗಿಂತ ಕಡಮೆ! ಆದ್ದರಿಂದ ತೈಲದ ಒತ್ತಡವನ್ನು ಕಾಯುವ ರೆಗ್ಯುಲೇಟರಿಗೆ ಗಾಳಿಯ ಕೊಳವೆಯಿಂದ ಒಂದು ಸಣ್ಣ ನಳಿಗೆಯನ್ನು ಜೋಡಿಸುತ್ತಾರೆ. ಗಾಳಿಯ ಒತ್ತಡ ಏರಿದಷ್ಟೇ ತೈಲದ ಒತ್ತಡವೂ ಏರುತ್ತದೆ. ಬೆರಳುದ್ದದ ಆ ರಬ್ಬರು ನಳಿಗೆ ಕಳಚಿಕೊಂಡರೆ ಸಾವಿರಾರು ರೂಪಾಯಿ ಬೆಲೆಯ ಎಂಜಿನ್ನು ಕೆಲವೇ ಕ್ಷಣಗಳಲ್ಲಿ ಹಾಳಾಗಬಹುದು.

ಇಲ್ಲಿ ಸ್ವಲ್ಪ ಲೆಕ್ಕವನ್ನು ವಾಚಕರು ಸಹಿಸಬೇಕು. ಎಂಟು ಸಿಲಿಂಡರಿನ ಕಾರೊಂದರಿಂದ ೪೦೦ ಅಶ್ವಶಕ್ತಿ ಪಡೆಯಬೇಕೆಂದಿಟ್ಟುಕೊಳ್ಳೋಣ. ತಿದಿಯುಳ್ಳ ಪೆಟ್ರೋಲು ಎಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ೨೭೦ ಗ್ರಾಂ ತೈಲ ಬಳಸುವುದೆಂದು ಹಿಡಿದರೆ ಒಟ್ಟು ೧೦೮ ಕಿಲೋಗ್ರಾಂ. ಎಂದರೆ ನಿಮಿಷಕ್ಕೆ ಸುಮಾರು ೨.೪ ಲೀಟರು. ಎಂಟು ಇಂಜೆಕ್ಟರುಗಳಿಗೆ ಹಂಚಿದರೆ ಒಂದೊಂದಕ್ಕೆ ನಿಮಿಷಕ್ಕೆ ೩೦೦ ಘನ ಸೆಂಟಿಮೀಟರು. ಇಂಜೆಕ್ಟರನ್ನು ಅದರ ಸಾಮರ್ಥ್ಯದ ನೂರಕ್ಕೆ ಎಂಬತ್ತರಷ್ಟು ಮಾತ್ರ ದುಡಿಸಬೇಕೆಂಬುದು ರೂಢಿ; ಆದುದರಿಂದ ಆರಿಸಬೇಕಾದ್ದು ೩೭೫ರದು. ಪಂಪನ್ನು ಆರಿಸುವಾಗಲೂ ಅದರ ಮೇಲೆ ಬರೆದ ಅಂಕಿಯನ್ನು ನಂಬಿದರೆ ಸಾಲದು; ಒತ್ತಡ ಏರಿದಂತೆ ಪಂಪು ಕೊಡುವ ತೈಲ ಇಳಿಯುತ್ತದೆ. ೩ ಬಾರ್‌ಗೆ ಧಾರಾಳವಾದ ಪಂಪು ೪ ಬಾರ್‌ಗೆ ಜಿಪುಣನಾಗಬಹುದು. ತಿರುವಿನಲ್ಲಿ ತೊಟ್ಟಿಯ ತೈಲ ಒಂದು ಪಕ್ಕಕ್ಕೆ ಓಡಿ ಪಂಪು ಗಾಳಿ ನುಂಗದಂತೆ ನಡುವೆ ಒಂದು ಸಣ್ಣ ಬಟ್ಟಲನ್ನೂ ಇಡಬೇಕು. ಅಲ್ಪವೆಂದು ತೋರುವ ಇಂಥ ಸಂಗತಿಗಳೇ ಈ ವಿದ್ಯೆಯ ಜೀವಾಳ.

ಇಷ್ಟೊಂದು ಎಚ್ಚರವೇಕೆ? ತೈಲ ಕೊಂಚ ಕಡಮೆಯಾದರೆ ಶಕ್ತಿ ಕೊಂಚ ಕಡಮೆಯಾದೀತು, ಅಷ್ಟೇ ತಾನೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಷ್ಟೇ ಅಲ್ಲ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ಬುಡ ಮುಟ್ಟಿ ಅರಿತದ್ದೇ ಇದು. ೨೭ ಡಿಗ್ರಿಯ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದರೆ, ಆದರ್ಶಯಂತ್ರದಲ್ಲಿಯೂ ಅದು ೯೦ ಡಿಗ್ರಿ ದಾಟುತ್ತದೆ; ರೂಟ್ಸ್ ತಿದಿಯಲ್ಲಿ ೧೨೦ನ್ನೂ ಮೀರಬಹುದು. ಹೀಗೆ ಕಾದು ಬಂದ ಮಿಶ್ರಣವನ್ನು ಪಿಸ್ಟನ್ನು ಮತ್ತೆ ಒತ್ತಿದಾಗ, ಕಿಡಿಯಿಂದ ಹೊರಟ ಜ್ವಾಲೆ ಬಂದು ತಲಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬದಲ್ಲಿ ಗೋಲಿ ಕುಲುಕಿದಂಥ ಶಬ್ದ ಕೇಳುತ್ತದೆ. ಅಲ್ಯುಮಿನಿಯಮ್ಮು ೬೬೦ ಡಿಗ್ರಿಗೆ ಕರಗುತ್ತದೆ. ಜ್ವಾಲೆಯ ಉಷ್ಣತೆ ೨೦೦೦ ಡಿಗ್ರಿಗೂ ಮೇಲು. ಪಿಸ್ಟನ್ನನ್ನು ಈವರೆಗೆ ಕಾಪಾಡಿದ್ದು ಅದರ ಮೈಗಂಟಿದ ತೆಳುವಾದ, ತಣ್ಣಗಿನ ಅನಿಲದ ಪೊರೆ. ಸಿಡಿತದ ಹೊಡೆತ ಆ ಪೊರೆಯನ್ನು ಹರಿಯುತ್ತದೆ. ಆಮೇಲೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ.

ಆದುದರಿಂದ ತಿದಿಯುಳ್ಳ ಎಂಜಿನ್ನಿಗೆ ಉರಿಯಲು ಬೇಕಾದುದಕ್ಕಿಂತ ಹೆಚ್ಚು ತೈಲವನ್ನು ಬೇಕೆಂದೇ ಕೊಡುತ್ತಾರೆ. ಪೂರ್ಣ ಒತ್ತಡದಲ್ಲಿ ೧೪.೭ರ ಬದಲು ೧೨ ಪಾಲು, ಕೆಲವೊಮ್ಮೆ ಅದಕ್ಕೂ ಕಡಮೆ ಗಾಳಿಗೆ ಒಂದು ಪಾಲು ಪೆಟ್ರೋಲು. ಹೆಚ್ಚಿನ ತೈಲ ಉರಿಯುವುದಿಲ್ಲ, ಆವಿಯಾಗುತ್ತ ತಂಪನ್ನೀಯುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿ ಮಾಡುವುದೂ ಇದನ್ನೇ: ಸ್ವಲ್ಪ ನೀರನ್ನು ಬೆವರಾಗಿ ಕಳೆದುಕೊಂಡು ಉಳಿದದ್ದನ್ನು ತಂಪಾಗಿಡುತ್ತದೆ. ಈ ಕಾರ್ಯದಲ್ಲಿ ಪೆಟ್ರೋಲಿಗಿಂತ ಮೆಥನಾಲು ಎಷ್ಟೋ ಮೇಲು. ಅದರ ಒಂದು ಕಿಲೋಗ್ರಾಂ ಆವಿಯಾಗುವಾಗ ಪೆಟ್ರೋಲಿನ ಸುಮಾರು ಮೂರರಷ್ಟು ಶಾಖವನ್ನು ಹೀರುತ್ತದೆ. ಆದರೆ ಅದರ ಕಾವು ಪೆಟ್ರೋಲಿನ ಅರ್ಧಕ್ಕೂ ಕಡಮೆ. ಒಂದು ತೂಕಕ್ಕೆ ಸುಮಾರು ೬.೫ ತೂಕ ಗಾಳಿ ಸಾಕು. ಆದ್ದರಿಂದ ಅದೇ ಗಾಳಿಗೆ ಇಮ್ಮಡಿಗೂ ಮೀರಿದ ತೈಲವನ್ನು ಉಣಿಸಬೇಕು. ತಂಪು ದೊರೆಯುತ್ತದೆ, ತೊಟ್ಟಿ ಬರಿದಾಗುತ್ತದೆ.

ಹದವನ್ನು ಕಂಡುಕೊಳ್ಳುವ ರೀತಿಯೂ ಸ್ವಾರಸ್ಯವಾಗಿದೆ. ಹಿಂದಿನ ಮೆಕ್ಯಾನಿಕ್ಕು ಕಾರನ್ನು ಪೂರ್ಣ ವೇಗದಲ್ಲಿ ಓಡಿಸಿ, ಎಂಜಿನ್ನನ್ನು ಥಟ್ಟನೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುತ್ತಿದ್ದ. ಮಸಿ ಕಟ್ಟಿದ್ದರೆ ತೈಲ ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ತೈಲ ಕಡಮೆ. ಹುರಿದ ಕಾಫಿಬೀಜದ ಬಣ್ಣಕ್ಕೆ ಹತ್ತಿರವಿದ್ದರೆ ಹದ. ಆ ಬಣ್ಣದ ಆಧಾರದ ಮೇಲೆ ಕಾರ್ಬುರೇಟರಿನ ಜೆಟ್ಟನ್ನು ಕೂದಲೆಳೆಯಷ್ಟು ಬದಲಾಯಿಸುತ್ತಿದ್ದ. ಇಂದು ಹೊಗೆಕೊಳವೆಯಲ್ಲಿರಿಸಿದ ಆಮ್ಲಜನಕದ ಸಂವೇದಕ ಅದೇ ಸುದ್ದಿಯನ್ನು ಕ್ಷಣಕ್ಷಣಕ್ಕೂ ಅಂಕಿಯಲ್ಲಿ ತಿಳಿಸುತ್ತದೆ. ಆದರೂ ಜಾಣನಾದವನು ಅನುಸರಿಸುವ ಕ್ರಮ ಹಳೆಯದೇ: ಮೊದಲು ತೈಲವನ್ನು ಧಾರಾಳವಾಗಿಡು, ಕಿಡಿಯನ್ನು ತಡವಾಗಿಡು, ಕಡಮೆ ಭಾರದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರು, ಪ್ರತಿ ಮೆಟ್ಟಿಲಿನಲ್ಲಿಯೂ ಸಿಡಿತದ ಸದ್ದಿಗೆ ಕಿವಿಗೊಡು, ಆಮೇಲೆ ಬೇಕಾದಷ್ಟೇ ತೈಲವನ್ನು ಕಡಮೆಮಾಡು. ಮೇಲಿನಿಂದ ಇಳಿಯುವವನು ಸ್ವಲ್ಪ ತೈಲವನ್ನು ಕಳೆದುಕೊಳ್ಳುತ್ತಾನೆ; ಕೆಳಗಿನಿಂದ ಏರುವವನು ಎಂಜಿನ್ನನ್ನೇ ಕಳೆದುಕೊಳ್ಳುತ್ತಾನೆ.

ಧಾರಾಳಕ್ಕೂ ಬೆಲೆಯಿದೆ ಎಂಬುದಕ್ಕೆ ಇಟಲಿಯ ಆಲ್ಫಾ ರೋಮಿಯೋ ಕಾರಿನ ಕಥೆಗಿಂತ ಉತ್ತಮ ನಿದರ್ಶನವಿಲ್ಲ. ಕೊಲಂಬೊ ಎಂಬ ಶಿಲ್ಪಿ ರಚಿಸಿದ ಒಂದೂವರೆ ಲೀಟರಿನ, ಎಂಟು ಸಿಲಿಂಡರಿನ ಈ ಕಾರು ೧೯೩೮ರಲ್ಲಿ ಕಣಕ್ಕಿಳಿಯಿತು. ಅದು ರೂಪುಗೊಂಡದ್ದು ಮೋಡೆನಾ ಪಟ್ಟಣದಲ್ಲಿ, ಆಗ ಆಲ್ಫಾದ ಪಂದ್ಯಗಳನ್ನು ನೋಡಿಕೊಳ್ಳುತ್ತಿದ್ದ ಎಂಜೊ ಫೆರಾರಿಯವರ ಕಾರ್ಯಾಗಾರದಲ್ಲಿ. ಯುದ್ಧಾನಂತರದ ನಿಯಮದ ಪ್ರಕಾರ ತಿದಿಯಿದ್ದರೆ ಒಂದೂವರೆ ಲೀಟರು, ಇಲ್ಲದಿದ್ದರೆ ನಾಲ್ಕೂವರೆ ಲೀಟರು ಎಂಜಿನ್ನಿಗೆ ಅನುಮತಿ. ೧೯೫೦ರ ವಿಶ್ವಚಾಂಪಿಯನ್ ಪಂದ್ಯಾವಳಿಯಲ್ಲಿ ಆಲ್ಫಾ ತಾನು ಸ್ಪರ್ಧಿಸಿದ ಆರು ಪಂದ್ಯಗಳನ್ನೂ ಗೆದ್ದಿತು. ಎರಡು ಹಂತದ ತಿದಿಯಿಂದ ೧೯೫೧ರ ವೇಳೆಗೆ ಅದರ ಶಕ್ತಿ ೪೦೦ ಅಶ್ವಶಕ್ತಿಯನ್ನು ದಾಟಿತ್ತು. ಆ ಶಕ್ತಿಯಲ್ಲಿ ಪಿಸ್ಟನ್ನು ಕರಗದೆ ಉಳಿಯಬೇಕಾದರೆ ಮೆಥನಾಲಿನ ಹೊಳೆಯನ್ನೇ ಹರಿಸಬೇಕಾಗಿತ್ತು. ಕಿಲೋಮೀಟರಿಗೆ ಒಂದೂವರೆ ಲೀಟರಿಗೂ ಮೀರಿದ ದಾಹ!

ಈ ದಾಹವನ್ನೇ ತನ್ನ ಅಸ್ತ್ರವಾಗಿ ಮಾಡಿಕೊಂಡವನು ಫೆರಾರಿಯವರ ತರುಣ ಎಂಜಿನಿಯರು ಲಾಂಪ್ರೆಡಿ. ಶಕ್ತಿಯಲ್ಲಿ ಆಲ್ಫಾವನ್ನು ಮೀರಲಾಗದಿದ್ದರೆ ಚಿಂತೆಯಿಲ್ಲ. ತಿದಿಯನ್ನು ಬಿಟ್ಟು, ನಾಲ್ಕೂವರೆ ಲೀಟರಿನ ದೊಡ್ಡ ಎಂಜಿನ್ನು ಮಾಡಿದರೆ ತೈಲಕ್ಕಾಗಿ ನಿಲ್ಲುವುದು ತಪ್ಪುತ್ತದೆ ಎಂದು ಅವನ ಲೆಕ್ಕ. ೧೯೫೧ರ ಜುಲೈ ೧೪ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟನ್ನಿನಲ್ಲಿ ಆ ಲೆಕ್ಕ ಕೈಗೂಡಿತು. ತೊಂಬತ್ತು ಸುತ್ತಿನ, ನಾನೂರು ಕಿಲೋಮೀಟರಿಗೆ ಮಿಕ್ಕಿದ ಪಂದ್ಯ. ಆಲ್ಫಾದ ಫಾಂಜಿಯೊ ತೈಲಕ್ಕಾಗಿ ಎರಡು ಸಾರಿ ನಿಂತ. ಫೆರಾರಿಯ ಗೊನ್ಸಾಲೆಸ್ ಒಂದೇ ಸಾರಿ ನಿಂತ. ಆಗ ಅವನು, ಕಾರು ಕೆಟ್ಟು ಕೆಳಗಿಳಿದಿದ್ದ ತಂಡದ ಹಿರಿಯ ಚಾಲಕ ಆಸ್ಕಾರಿಗೆ ತನ್ನ ಸ್ಥಾನವನ್ನು ಬಿಟ್ಟುಕೊಡಲು ಮುಂದಾದ. ಆಸ್ಕಾರಿ ಒಪ್ಪದೆ, ನೀನೇ ನಡೆ ಎಂದು ಕಳುಹಿಸಿದ. ಗೊನ್ಸಾಲೆಸ್ ೫೧ ಸೆಕೆಂಡುಗಳ ಅಂತರದಿಂದ ಗೆದ್ದ. ವಿಶ್ವಚಾಂಪಿಯನ್ ಪಂದ್ಯಗಳಲ್ಲಿ ಫೆರಾರಿಗೆ ಅದೇ ಮೊದಲ ಜಯ. ತನ್ನ ಅಂಗಳದಲ್ಲಿಯೇ ಹುಟ್ಟಿದ ಕಾರನ್ನು ಸೋಲಿಸಿದ ಎಂಜೊ ಫೆರಾರಿಯವರಿಗೆ ಅಂದು ಹೆತ್ತ ತಾಯಿಯನ್ನೇ ಕೊಂದಂಥ ಸಂಕಟವಾಯಿತೆಂದು ಅವರೇ ಮುಂದೆ ನೆನೆದುಕೊಂಡಿದ್ದಾರೆ.

ಆ ವರ್ಷದ ಚಾಂಪಿಯನ್ ಪದವಿ ಕೊನೆಗೆ ಫಾಂಜಿಯೊವಿಗೇ ದೊರೆಯಿತು. ಆದರೆ ವರ್ಷ ಮುಗಿಯುತ್ತಲೆ ಆಲ್ಫಾ ರೋಮಿಯೋ ಗ್ರಾಂಪ್ರಿಯಿಂದ ನಿವೃತ್ತವಾಯಿತು. ೧೯೫೪ರ ಹೊಸ ನಿಯಮ ತಿದಿಯಿದ್ದವರಿಗೆ ಮುಕ್ಕಾಲು ಲೀಟರಿನ ಎಂಜಿನ್ನನ್ನು ಮಾತ್ರ ಬಿಟ್ಟುಕೊಟ್ಟಿತು. ಗ್ರಾಂಪ್ರಿ ಪಥದಲ್ಲಿ ಸೂಪರ್‌ಚಾರ್ಜರಿನ ಕೂಗು ಅಲ್ಲಿಗೆ ಅಡಗಿತು.

ಆಲ್ಫಾದ ಮೆಕ್ಯಾನಿಕ್ಕುಗಳು ತಪ್ಪಿದರೆಂದು ನಾನು ಹೇಳಲಾರೆ. ಎಂಜಿನ್ನನ್ನು ಉಳಿಸಲು ಬೇಕಾದ ತೈಲವನ್ನು ಅವರು ಕೊಟ್ಟರು. ಕಡಮೆ ಕೊಟ್ಟಿದ್ದರೆ ಕಾರು ಪಂದ್ಯದ ಕೊನೆಯನ್ನೇ ಕಾಣುತ್ತಿರಲಿಲ್ಲ. ಅವರ ಹದ ಸರಿಯಾಗಿತ್ತು, ಆ ಹದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ನಿಶ್ಚಿತವಾಗಿತ್ತು. ಇಂದು ತಿದಿಯ ಕಾರನ್ನು ಸಜ್ಜುಗೊಳಿಸಲು ಹೊರಡುವ ಉತ್ಸಾಹಿ ತರುಣರಿಗೆ ನನ್ನ ಸೂಚನೆ ಇಷ್ಟೇ. ಎಷ್ಟು ಗಾಳಿಯನ್ನು ಊದಬಹುದೆಂದು ಮೊದಲು ಕೇಳಬೇಡಿ. ತೊಟ್ಟಿಯಿಂದ ಸಿಲಿಂಡರಿನವರೆಗೆ, ಅತ್ಯಂತ ಕಷ್ಟದ ಗಳಿಗೆಯಲ್ಲಿ, ಎಷ್ಟು ತೈಲ ತಪ್ಪದೆ ಹರಿದೀತೆಂದು ಅಳೆಯಿರಿ. ತಿದಿಯನ್ನು ಎಷ್ಟು ಒತ್ತಬಹುದೆಂಬುದನ್ನು ಆ ಅಳತೆಯೇ ಹೇಳುತ್ತದೆ.