ಕೊಟ್ಟಿಗೆ ಪಕ್ಕದ ಬಾನೆಟ್ ಲಾರಿ

ಭಾನುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಮನೆಗೆ ಬರುವಷ್ಟರಲ್ಲಿ ನಮ್ಮ ಹಿತ್ತಲಲ್ಲಿ ನಾಲ್ಕು ಜನ ಹಿರಿಯರು ಒಂದು ಹಳೇ ಲಾರಿಯ ಬಾನೆಟ್ ಎತ್ತಿ, ಅದರೊಳಗೆ ತಲೆ ಹಾಕಿಕೊಂಡು ನಿಂತಿರುತ್ತಾರೆ. ಹಿಂದಿನಿಂದ ನೋಡಿದರೆ ಸಾಲಾಗಿ ನಿಂತು ಮೇವು ತಿನ್ನುವ ರಾಸುಗಳ ಹಾಗೆಯೇ ಕಾಣುತ್ತಾರೆ. ಈ ಮಾತನ್ನು ಅವರೆದುರೇ ಹೇಳಿದ್ದೇನೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. “ಹಂಗಾದ್ರೆ ಒಂದ್ ಪುಟ್ಟಿ ಹಿಂಡಿ ತಂದಿಕ್ಕವ್ವ” ಎಂದರು. ಅವಲಕ್ಕಿ, ಕಾಫಿ ತಂದಿಟ್ಟೆ.

ನಾಲ್ವರಲ್ಲಿ ಒಬ್ಬರು ನಮ್ಮ ಮಾವ. ಎಪ್ಪತ್ತು ದಾಟಿದ್ದಾರೆ. ಬಿ.ಎಂ.ಸಿ. ಇಲ್ಲದ ಕಾಲದಲ್ಲಿ ನಮ್ಮ ಕಡೆಯ ಹಾಲಿನ ರೂಟ್ ಲಾರಿ ಓಡಿಸಿದವರು. ಇನ್ನೊಬ್ಬರು ಆ ಲಾರಿಯ ಕ್ಲೀನರ್. ಅವರಿಗೀಗ ಮೊಮ್ಮಕ್ಕಳಿದ್ದಾರೆ, ಆದರೂ ಉಳಿದವರ ಬಾಯಲ್ಲಿ ಇನ್ನೂ “ಕ್ಲೀನರ್ ಹುಡುಗ”. ಮೂರನೆಯವರು ಪಕ್ಕದ ಹೋಬಳಿಯ ಗ್ಯಾರೇಜು ಸಾಬರು, ನಾಲ್ಕನೆಯವರು ಲೇತ್ ಇಟ್ಟುಕೊಂಡಿದ್ದ ಆಚಾರ್ರು. ಇವರು ಸೇರಿ ಇಟ್ಟಿಗೆ ಗೂಡೊಂದರಲ್ಲಿ ಹುಲ್ಲು ಬೆಳೆದು ನಿಂತಿದ್ದ ಲಾರಿಯನ್ನು ತೂಕದ ಲೆಕ್ಕದಲ್ಲಿ, ಅಂದರೆ ಗುಜರಿ ಬೆಲೆಗೆ, ಕೊಂಡು ಟ್ರ್ಯಾಕ್ಟರಿನಲ್ಲಿ ಎಳೆಸಿಕೊಂಡು ಬಂದರು. ಅದು ಮಾವ ಓಡಿಸಿದ ಲಾರಿಯೇ. ನಂಬರ್ ಪ್ಲೇಟ್ ನೋಡಿ ಗುರುತು ಹಿಡಿದದ್ದಲ್ಲ. ಕ್ಲೀನರ್ ಕೂರುವ ಕಡೆ ಬಾಗಿಲ ಒಳಗೆ ಮೊಳೆಯಿಂದ ಗೀಚಿದ ಹನ್ನೆರಡು ಊರಿನ ಹೆಸರು ಹಾಗೇ ಇತ್ತು. ಒಂದೊಂದು ಸಂಘದಲ್ಲಿ ಎಷ್ಟು ಕ್ಯಾನು ಎತ್ತಬೇಕು ಎಂದು ಆ ಹುಡುಗ ಅಂದು ಬರೆದುಕೊಂಡ ಲೆಕ್ಕ ಅದು. ನಮ್ಮೂರಿನ ಎದುರಿಗೆ ನಾಲ್ಕು ಗೀಟು.

ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಮುಖದ ಲಾರಿ ನೆನಪಿರಬೇಕು. ಈಗಿನ ಹಾಗೆ ಚಪ್ಪಟೆ ಮೂತಿಯಲ್ಲ, ಮುಂದೆ ಉದ್ದ ಮೂಗು, ಎರಡು ಕಡೆ ಉರುಟಾದ ಮಡ್‌ಗಾರ್ಡು. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದರು. 1969ರವರೆಗೂ ಆ ಒಪ್ಪಂದ ಇತ್ತು, ಅಲ್ಲಿಯವರೆಗಿನ ಲಾರಿಗಳ ಮೂತಿಯಲ್ಲಿ ಬೆಂಜ್ ಕಂಪನಿಯ ಮೂರು ಕಡ್ಡಿಯ ನಕ್ಷತ್ರ ಇರುತ್ತಿತ್ತು. ಆಮೇಲೆ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ನಮ್ಮ ಹಿತ್ತಲಿನದು ಅಕ್ಷರದ ಕಾಲದ್ದು, 1210 ಎಂಬ ಮಾದರಿ. ಮೊದಲ 12 ಎಂದರೆ ಲೋಡು ಸೇರಿ ಹನ್ನೆರಡು ಟನ್ ತೂಕ, ಆಮೇಲಿನ 10 ಎಂದರೆ ನೂರು ಅಶ್ವಶಕ್ತಿ ಎಂದು ಸಾಬರು ಬಿಡಿಸಿ ಹೇಳಿದರು. “ಈಗ ಅದ್ರಲ್ಲಿ ಎಷ್ಟು ಕುದುರೆ ಉಳ್ಕಂಡವೆ?” ಎಂದು ನಮ್ಮತ್ತೆ ಕೇಳಿದ್ದಕ್ಕೆ ಆಚಾರ್ರು, “ಕುದುರೆ ಎಲ್ಲಾ ಅವೆ ಕಣವ್ವ, ಲಾಳ ಬಿದ್ದೋಗವೆ” ಎಂದರು.

ಈ ಥರದ ಮಾತು ಇಡೀ ದಿನ ನಡೆಯುತ್ತದೆ. ಕೆಲಸಕ್ಕಿಂತ ಮಾತೇ ಜಾಸ್ತಿ. ಮಾವ ಗೇರ್‌ಬಾಕ್ಸ್ ಬಿಚ್ಚಿಸಿ ಹಲ್ಲು ಎಣಿಸುತ್ತಾ ಕೂತರೆ ಸಾಬರು, “ನಿಮ್ ಬಾಯಲ್ಲಿರೋದಕ್ಕಿಂತ ಇದ್ರಲ್ಲೇ ಜಾಸ್ತಿ ಅವೆ ಬಿಡಿ ಡ್ರೈವರ್ ಸಾಹೇಬ್ರೇ” ಎನ್ನುತ್ತಾರೆ. ಲಾರಿಗೆ ಎಫ್.ಸಿ. ಸಿಗುತ್ತದೋ ಇಲ್ಲವೋ ಎಂಬ ಚರ್ಚೆ ಬಂದರೆ, ಮೊದಲು ನಿನಗೆ ಎಫ್.ಸಿ. ಮಾಡಿಸಬೇಕು ಎಂದು ಒಬ್ಬರಿಗೊಬ್ಬರು ಮಂಡಿ ನೋವಿನ ಪಟ್ಟಿ ಓದುತ್ತಾರೆ. ನಿಜ ಹೇಳಬೇಕೆಂದರೆ ಈ ಲಾರಿ ರಸ್ತೆಗೆ ಇಳಿಯುವುದು ಕಷ್ಟ. 2021ರಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆಂದೇ ಬೇರೆ ನೋಂದಣಿ ನಿಯಮ ತಂದಿತು. ಆದರೆ ಅದು 50 ವರ್ಷ ದಾಟಿದ, ಸ್ವಂತ ಬಳಕೆಯ ಬೈಕು, ಕಾರುಗಳಿಗೆ. ಬಾಡಿಗೆಗೆ ದುಡಿದ ಲಾರಿಗೆ ಆ ಗೌರವ ಇಲ್ಲ. ದುಡಿದವರಿಗೆ ಯಾವಾಗಲೂ ಹೀಗೆಯೇ ಅಂತ ನನಗೆ ಅನ್ನಿಸಿತು, ಬಾಯಿ ಬಿಟ್ಟು ಹೇಳಲಿಲ್ಲ.

ಹಳೇ ಲಾರಿಯ ಹುಚ್ಚು ನಮ್ಮ ಹಿತ್ತಲಿಗಷ್ಟೇ ಬಂದದ್ದಲ್ಲ. ಅಮೆರಿಕದಲ್ಲಿ 1971ರಲ್ಲೇ ಹಳೇ ಲಾರಿ ಪ್ರಿಯರು ಒಂದು ದೊಡ್ಡ ಸಂಘ ಕಟ್ಟಿಕೊಂಡಿದ್ದಾರೆ, ವರ್ಷಕ್ಕೊಮ್ಮೆ ಲಾರಿಗಳ ಜಾತ್ರೆಯೇ ಸೇರುತ್ತದೆ. ಅಲ್ಲಿನವರು ಪ್ರೀತಿಯಿಂದ ರಿಪೇರಿ ಮಾಡಿ ಇಟ್ಟುಕೊಳ್ಳುವ ಗಾಡಿಗಳಲ್ಲಿ ‘ಡಿವ್ಕೊ’ ಎಂಬ ಹಾಲಿನ ವ್ಯಾನೂ ಒಂದು. ಡೆಟ್ರಾಯಿಟ್ ನಗರದಲ್ಲಿ 1926ರಲ್ಲಿ ಹುಟ್ಟಿದ ಈ ಗಾಡಿಯನ್ನು ಮನೆಮನೆಗೆ ಹಾಲಿನ ಬಾಟಲಿ ಇಡುವವರಿಗೆಂದೇ ಮಾಡಿದ್ದು. ನಿಂತುಕೊಂಡೇ ಓಡಿಸಬಹುದಿತ್ತು. ಪ್ರತಿ ಬಾಗಿಲಿಗೂ ಇಳಿದು ಹತ್ತುವವನು ಎಷ್ಟು ಸಲ ಕೂತು ಏಳಬೇಕು ಹೇಳಿ! ಇದನ್ನು ಹೇಳಿದಾಗ ಕ್ಲೀನರ್ ಚಿಕ್ಕಪ್ಪ, “ನಾನೂ ನಿಂತೇ ಹೋಗ್ತಿದ್ದೆ, ಹಿಂದೆ ಕ್ಯಾನ್ ಮಧ್ಯೆ” ಎಂದರು.

ಅವರು ಹೇಳಿದ್ದು ತಮಾಷೆಗೆ. ಆದರೆ 40 ಲೀಟರಿನ ಕ್ಯಾನಿನಲ್ಲಿ ಹಾಲೇ 41 ಕಿಲೋ ತೂಗುತ್ತದೆ, ಅದರ ಮೇಲೆ ಕ್ಯಾನಿನ ತೂಕ. ಹನ್ನೆರಡು ಊರಿನ ಕ್ಯಾನುಗಳನ್ನು ದಿನಕ್ಕೆ ಎರಡು ಹೊತ್ತು ಎದೆ ಮಟ್ಟಕ್ಕೆ ಎತ್ತಿದ ಹುಡುಗ ಅವರು. ಈಗ ಭುಜ ಮೇಲೆ ಏಳುವುದಿಲ್ಲ.

ಇನ್ನು ನನ್ನ ಮಾತಿಗೆ ಬರುತ್ತೇನೆ. ಮೊದಮೊದಲು ಈ ಲಾರಿ ನನಗೆ ಸುತರಾಂ ಇಷ್ಟವಿರಲಿಲ್ಲ. ಮೊದಲ ಜಗಳ ಬಕೆಟ್ಟಿಗಾಗಿ. ಹಾಲು ಕರೆಯುವ ನನ್ನ ಸ್ಟೀಲ್ ಬಕೆಟ್ಟಿನಲ್ಲಿ ಡೀಸೆಲ್ ಸುರಿದು ನಟ್ಟು ಬೋಲ್ಟು ತೊಳೆಯುತ್ತಿದ್ದರು! ಹಾಲು ಎಷ್ಟು ಬೇಗ ವಾಸನೆ ಹಿಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಡೀಸೆಲ್, ಸೀಮೆಎಣ್ಣೆ ಪಕ್ಕದಲ್ಲಿ ತೆರೆದಿಟ್ಟರೂ ಸಾಕು. ಆ ಬಕೆಟ್ ಅಂದಿನಿಂದ ಲಾರಿಗೇ ಆಯಿತು, ಹೊಸ ಬಕೆಟ್ಟಿನ ದುಡ್ಡು ನಾಲ್ವರಿಂದಲೂ ವಸೂಲು ಮಾಡಿದೆ.

ಎರಡನೆಯದು ಜಗಳವಲ್ಲ, ಹೆದರಿಕೆ. ನಮ್ಮ ಗೌರಿ ಏಳು ತಿಂಗಳ ಗಬ್ಬ. ಹೊತ್ತಿಗೆ ಆರು ಲೀಟರ್ ಕೊಡುತ್ತಿದ್ದವಳು ಒಂದು ಮಂಗಳವಾರ ಬೆಳಿಗ್ಗೆ ಎರಡು ಲೀಟರಿಗೆ ಇಳಿದಳು. ಹಿಂಡಿ ಮುಟ್ಟಲಿಲ್ಲ, ಮೆಲುಕು ಇಲ್ಲ. ಬೆನ್ನು ಬಿಲ್ಲಿನ ಹಾಗೆ ಎತ್ತಿ, ಮುಂಗಾಲಿನ ಮೊಣಕೈ ಅಗಲಿಸಿಕೊಂಡು ನಿಂತಿದ್ದಳು. ಕೊಟ್ಟಿಗೆಯಿಂದ ಅಂಗಳಕ್ಕೆ ಇಳಿಜಾರು ಇದೆ, ಇಳಿಯಲು ಒಪ್ಪಲೇ ಇಲ್ಲ. ಎಳೆದರೆ ‘ಹುಂ’ ಎಂದು ನರಳಿದಳು. ಹೊಟ್ಟೆ ಕಟ್ಟಿರಬೇಕು ಎಂದು ಮನೆಮದ್ದು ಕುಡಿಸಲು ಹೊರಟಿದ್ದೆ. ನಮ್ಮತ್ತೆ ತಡೆದು, ಡಾಕ್ಟರಿಗೆ ಫೋನ್ ಮಾಡು ಎಂದರು.

ಪಶುವೈದ್ಯರು ಬಂದವರು ಗೌರಿಯನ್ನು ನೋಡುವ ಮೊದಲು ಹಿತ್ತಲ ಕಡೆ ನೋಡಿದರು. “ಇಲ್ಲಿ ಗ್ಯಾರೇಜು ಯಾವಾಗ ಶುರುವಾಯ್ತಮ್ಮ?” ಎಂದು ಕೇಳಿದರು. ಹಸು ನಮ್ಮ ಹಾಗೆ ಅಗಿದು, ಆರಿಸಿ ತಿನ್ನುವುದಿಲ್ಲ. ಹುಲ್ಲಿನ ಜೊತೆ ಮೊಳೆ, ತಂತಿ, ಸ್ಪ್ಲಿಟ್ ಪಿನ್ನು ಏನು ಸಿಕ್ಕರೂ ನುಂಗಿಬಿಡುತ್ತದೆ. ಅದು ಹೋಗಿ ಜೇನುಗೂಡಿನ ಹಾಗೆ ಕೋಣೆ ಕೋಣೆ ಇರುವ ಹೊಟ್ಟೆಯ ಭಾಗದಲ್ಲಿ ಕೂರುತ್ತದೆ. ಆ ಹೊಟ್ಟೆಗೂ ಗುಂಡಿಗೆಗೂ ನಡುವೆ ತೆಳ್ಳನೆಯ ವಪೆ ಒಂದೇ ಅಡ್ಡ. ಗಬ್ಬದ ಹಸುವಾದರೆ ಕರುವಿನ ಭಾರ ಹಿಂದಿನಿಂದ ಒತ್ತಿ ಒತ್ತಿ ತಂತಿಯನ್ನು ಮುಂದಕ್ಕೆ ಚುಚ್ಚುತ್ತದೆ. ಗುಂಡಿಗೆ ಮುಟ್ಟಿತೆಂದರೆ ಗಂಗೆದೊಗಲು ಊದಿಕೊಳ್ಳುತ್ತದೆ, ಆಮೇಲೆ ರಾಸು ಉಳಿಯುವುದು ಅಪರೂಪ. ಇದನ್ನೆಲ್ಲ ಅವರು ಹೇಳುವಾಗ ಮಾವ ಕಂಬ ಹಿಡಿದುಕೊಂಡು ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಗೌರಿಗೆ ಇನ್ನೂ ಊತ ಬಂದಿರಲಿಲ್ಲ. ಡಾಕ್ಟರು ಬೆರಳುದ್ದದ ಒಂದು ಅಯಸ್ಕಾಂತವನ್ನು ಬಾಯಿಯ ಮೂಲಕ ನುಂಗಿಸಿದರು. ಅದು ಆ ಹೊಟ್ಟೆಯಲ್ಲೇ ಕಡೆಯವರೆಗೂ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆಯಂತೆ. ಐದು ದಿನ ಇಂಜೆಕ್ಷನ್. ಮುಂಗಾಲು ಎತ್ತರದಲ್ಲಿರುವಂತೆ ಮಣ್ಣು ಏರಿಸಿ ನಿಲ್ಲಿಸಲು ಹೇಳಿದರು, ತಂತಿ ಹಿಂದಕ್ಕೆ ಜಾರಲಿ ಎಂದು. ಆ ಮಣ್ಣನ್ನು ಹೊತ್ತು ತಂದು ಹಾಕಿದವರು ಕ್ಲೀನರ್ ಚಿಕ್ಕಪ್ಪ, ಏಳದ ಭುಜದಲ್ಲೇ. ಹೊರಡುವಾಗ ಡಾಕ್ಟರು ಲಾರಿಯ ಹಳೇ ಬ್ಯಾಟರಿಯನ್ನೂ, ಕೆರೆದು ಬೀಳಿಸಿದ್ದ ಬಣ್ಣದ ಸಿಪ್ಪೆಯನ್ನೂ ತೋರಿಸಿ ಬೈದರು. ಒಡೆದ ಬ್ಯಾಟರಿಯೊಳಗಿನ ಸೀಸ ಕರುಗಳಿಗೆ ವಿಷ. ಆದರೂ ಅವು ಹುಡುಕಿಕೊಂಡು ಹೋಗಿ ನೆಕ್ಕುತ್ತವೆ. ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಗೋಡೆಗೆ ತಲೆ ಒತ್ತಿ ನಿಂತು, ಒದ್ದಾಡಿ ಸಾಯುತ್ತವೆ. ಅದು ಹಾಲಿಗೂ ಬರುತ್ತದೆ.

ಆ ಮೂರು ದಿನ ನಾನು ಮಾವನ ಜೊತೆ ಮಾತಾಡಲಿಲ್ಲ. ಗುಜರಿಯವನಿಗೆ ಹೇಳಿಕಳಿಸಿ ಎಂದು ನನ್ನ ಗಂಡನಿಗೆ ಹೇಳಿದ್ದೂ ನಿಜ. ನಾಲ್ಕನೇ ದಿನ ಗೌರಿ ಮೆಲುಕು ಹಾಕಿದಳು. ಅದೇ ಸಂಜೆ ನಾಲ್ವರೂ ಬಂದು, ಲಾರಿಯನ್ನು ತಳ್ಳಿಕೊಂಡು ಹೋಗಿ ಕೊಟ್ಟಿಗೆಯಿಂದ ದೂರ, ಬೇಲಿಯಾಚೆ ಹುಣಸೆ ಮರದ ಕೆಳಗೆ ನಿಲ್ಲಿಸಿದರು. ನಾನು ಹೇಳಿರಲಿಲ್ಲ. ಆಚಾರ್ರು ಹಾಳಾದ ದೊಡ್ಡ ಸ್ಪೀಕರಿನ ಅಯಸ್ಕಾಂತವನ್ನು ಒಂದು ಕೋಲಿನ ತುದಿಗೆ ಕೂರಿಸಿ ಪೊರಕೆಯ ಹಾಗೆ ಮಾಡಿಕೊಂಡು ಬಂದಿದ್ದರು. ಹಿತ್ತಲೆಲ್ಲ ಎಳೆದರೆ ಒಂದು ಹಿಡಿ ಕಬ್ಬಿಣ ಅಂಟಿಕೊಂಡು ಬಂತು. ಎಲ್ಲವೂ ಲಾರಿಯದ್ದಲ್ಲ ಎಂಬುದನ್ನೂ ಹೇಳಬೇಕು. ಪಶುಆಹಾರದ ಚೀಲ ಕಟ್ಟಿದ ತಂತಿ, ಮನೆ ಕಟ್ಟುವಾಗ ಬಿದ್ದ ಮೊಳೆ, ನನ್ನದೇ ಎರಡು ಪಿನ್ನು ಅದರಲ್ಲಿದ್ದವು. ಈಗ ದಿನಾ ಸಂಜೆ ಆ ಪೊರಕೆ ಎಳೆಯುವುದು ಮಾವನ ಕೆಲಸ. ಬಿಚ್ಚಿದ ನಟ್ಟು, ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಲೆಕ್ಕ ಬರೆಯುತ್ತಾರೆ. ಹಳೇ ಬ್ಯಾಟರಿ ಅಂಗಡಿಗೆ ವಾಪಸು ಹೋಯಿತು.

ಜಗಳ ಮುಗಿದ ಮೇಲೆ ನಾನೂ ಆಗಾಗ ಹೋಗಿ ನಿಲ್ಲತೊಡಗಿದೆ. ಇಂಜಿನ್ನು ನಮ್ಮ ಕೆಲಸಕ್ಕೆ ಅಷ್ಟು ದೂರವಿಲ್ಲ. ಸಗಣಿ ನೋಡಿ ರಾಸಿನ ಹೊಟ್ಟೆ ಹೇಳುತ್ತೇವಲ್ಲ, ಹಾಗೆ ಸಾಬರು ಹೊಗೆ ನೋಡಿ ಇಂಜಿನ್ನಿನ ಹೊಟ್ಟೆ ಹೇಳುತ್ತಾರೆ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ಪೈಪಿನೊಳಗೆ ಗಾಳಿ ಸೇರಿದರೆ ಇಂಜಿನ್ನು ನಿಂತುಬಿಡುತ್ತದೆ. ಆಗ ಫಿಲ್ಟರಿನ ಬೋಲ್ಟು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು. ಮೊದಲು ನೊರೆ ನೊರೆಯಾಗಿ ಬರುತ್ತದೆ, ಆಮೇಲೆ ನೊರೆ ನಿಂತು ಧಾರೆಯಾಗುತ್ತದೆ. ಕೈಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಸಲವೇ ಸರಿಯಾಗಿ ಮಾಡಿದೆ. ಪಂಪಿನ ಮೇಲೆ ‘ಮೈಕೋ’ ಎಂದು ಅಚ್ಚು ಇತ್ತು, 1951ರಲ್ಲಿ ಶುರುವಾದ ಕಂಪನಿ. ಅದನ್ನು ಒರೆಸಿ ಒರೆಸಿ ಹೊಳಪು ಬರಿಸಿದ್ದಾರೆ.

ಈ ಗಾಳಿಯ ವಿಷಯದಲ್ಲೇ ಮಾವನಿಗೂ ಕ್ಲೀನರ್ ಚಿಕ್ಕಪ್ಪನಿಗೂ ನಲವತ್ತು ವರ್ಷದ ವ್ಯಾಜ್ಯ. ಒಂದು ಮಳೆಗಾಲದಲ್ಲಿ ಕೊನೆಯ ಊರಿನ ಕ್ಯಾನು ತುಂಬಿಕೊಂಡು ಏರು ಹತ್ತುವಾಗ ಲಾರಿ ನಿಂತಿತು. ಗಾಳಿ ತೆಗೆಯುವುದು, ಒಂದು ಫರ್ಲಾಂಗ್ ಹೋಗುವುದು, ಮತ್ತೆ ನಿಲ್ಲುವುದು. ಡೇರಿ ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಸೆಖೆಯಲ್ಲಿ ಹಾಲಿನ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ಎರಡರಷ್ಟಾಗುತ್ತವೆ, ಐದಾರು ಗಂಟೆ ಎಂದರೆ ಕೇಳಬೇಕೇ? ಕುದಿಸಿ ನೋಡಿದರೆ ಒಡೆಯಿತು. ಹನ್ನೆರಡು ಊರಿನ ಹಾಲಿಗೂ ಆ ಹೊತ್ತು ದುಡ್ಡಿಲ್ಲ. ಕ್ಲೀನರ್ ಫಿಲ್ಟರಿನ ನೀರು ಇಳಿಸಿರಲಿಲ್ಲ ಎಂದು ಮಾವ, ಡ್ರೈವರು ಡೀಸೆಲ್ ಹಾಕಿಸಿರಲಿಲ್ಲ ಎಂದು ಚಿಕ್ಕಪ್ಪ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ ಇದೇ ಮಾತು.

ಹೋದ ತಿಂಗಳು ಡೀಸೆಲ್ ಟ್ಯಾಂಕು ಇಳಿಸಿ ತೊಳೆದರು. ಒಳಗಿನಿಂದ ಡೀಸೆಲ್ ಎಳೆಯುವ ಪೈಪಿನ ನಡು ಭಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ಟ್ಯಾಂಕು ತುಂಬಿದ್ದಾಗ ಏನೂ ಗೊತ್ತಾಗುವುದಿಲ್ಲ, ಅರ್ಧಕ್ಕೆ ಇಳಿದ ಮೇಲೆ ಆ ಸೀಳು ಮೇಲೆ ಉಳಿದು ಡೀಸೆಲ್ ಜೊತೆ ಗಾಳಿ ಎಳೆಯುತ್ತದೆ. ಸಾಬರು ಪೈಪನ್ನು ಬೆಳಕಿಗೆ ಹಿಡಿದು, “ನೋಡ್ರಪ್ಪಾ, ನೀವಿಬ್ರೂ ಅಲ್ಲ, ಇದು” ಎಂದರು. ಇಬ್ಬರೂ ಸುಮ್ಮನೆ ನಿಂತರು. ಆಮೇಲೆ ಚಿಕ್ಕಪ್ಪ, “ಇದು ಅವತ್ತೇ ಸೀಳಿತ್ತು ಅಂತ ಏನ್ ಗ್ಯಾರಂಟಿ? ಇಟ್ಟಿಗೆ ಗೂಡಿನೋರು ಸೀಳ್ಸಿರ್ಬೋದು” ಎಂದರು. ಮಾವನೂ ಕೂಡಲೇ ಒಪ್ಪಿದರು. ವ್ಯಾಜ್ಯ ಮತ್ತೆ ಶುರು.

ನಮ್ಮತ್ತೆ ಸೊಪ್ಪು ಸೋಸುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು: “ಅವತ್ತು ನಮ್ಮನೆ ಹಾಲು ನಾಕೂವರೆ ಲೀಟ್ರು. ಅದ್ರ ದುಡ್ಡು ಯಾರು ಕೊಡ್ತೀರಾ, ಅದ್ ಹೇಳಿ ಮೊದ್ಲು.”

ಚಿಕ್ಕಪ್ಪ ಜೇಬಿನಿಂದ ಹತ್ತು ರೂಪಾಯಿ ತೆಗೆದು ಮಡ್‌ಗಾರ್ಡ್ ಮೇಲಿಟ್ಟರು. ಅತ್ತೆ ಎದ್ದು ಹೋಗಿ ಅದನ್ನು ಎತ್ತಿಕೊಂಡು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

ಹೊಸ ಪೈಪು ಹಾಕಿ, ಗಾಳಿ ತೆಗೆದು, ಎರಡು ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದಾಗ ಮೂರನೇ ಸಲಕ್ಕೆ ಲಾರಿ ಕೆಮ್ಮಿ ಎದ್ದಿತು. ಬಿಳಿ ಹೊಗೆ, ಆಮೇಲೆ ಹೊಗೆಯೇ ಇಲ್ಲ. ಮಾವ ಗೇರ್ ಹಾಕಿ ಹುಣಸೆ ಮರದಿಂದ ಬೇಲಿಯವರೆಗೆ ಹೋಗಿ ವಾಪಸು ಬಂದರು. ರೇಡಿಯೇಟರ್ ಸೋರುತ್ತಿದೆ, ಬರುವ ಭಾನುವಾರ ಅದನ್ನು ಬಿಚ್ಚುತ್ತಾರಂತೆ. ಗೌರಿ ಹೆಣ್ಣುಗರು ಹಾಕಿದ್ದಾಳೆ, ಹಣೆಯ ಮೇಲೆ ಬಿಳಿ ಚುಕ್ಕೆ. ಬೆಂಜ್ ನಕ್ಷತ್ರ ಎಂದು ಸಾಬರು ಹೆಸರಿಟ್ಟಿದ್ದಾರೆ. ನಾವು ಚುಕ್ಕಿ ಎನ್ನುತ್ತೇವೆ.