ಮಂಡ್ಯದ ರಾಮಚಂದ್ರ ಮತ್ತು ದೊಡ್ಡ ಅವಿಭಾಜ್ಯಗಳು

ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ 'ಪ್ರಧಾನ ಸಂಖ್ಯ' ಎಂದು ಕಲಿಯುವುದನ್ನೇ ನಾವು ಊರಿನಲ್ಲಿ 'ಅವಿಭಾಜ್ಯ ಸಂಖ್ಯೆ' ಎಂದು ಕಲಿತೆವು. 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ 2, 3, 5, 7, 11ರ ಈ ಸಾಲಿಗೆ ಕೊನೆಯಿಲ್ಲ. ಇದರಲ್ಲಿ ನಮಗೆ ಎರಡು ನಂಟುಗಳಿವೆ. ಸಂಖ್ಯಾಸಿದ್ಧಾಂತದ ದೊಡ್ಡ ಹೆಸರು ಸರ್ವದಮನ್ ಚೌಲಾ 1930ರ ದಶಕದಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಇನ್ನೊಬ್ಬರು ನಮ್ಮವರೇ, 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ.

ಮೊದಲು ನನ್ನ ಕಸುಬಿನ ಮಾತು. ಇಂಟರ್ನೆಟ್ಟಿನ ಸುರಕ್ಷತೆಗೆ ಬಳಸುವ ವಿಧಾನಗಳಲ್ಲಿ ಆರ್‌ಎಸ್‌ಎ ಒಂದು. ಸುಮಾರು 309 ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ 617 ಅಂಕಿಗಳ ಸಂಖ್ಯೆ ಮಾಡುತ್ತಾರೆ. ಗುಣಿಸುವುದು ಕ್ಷಣದ ಕೆಲಸ. ಗುಣಲಬ್ಧ ಮಾತ್ರ ಕೊಟ್ಟು ಮೂಲದ ಎರಡನ್ನು ಹುಡುಕಿ ಎಂದರೆ ಇಂದಿನ ಕಂಪ್ಯೂಟರುಗಳು ಕೈಚೆಲ್ಲುತ್ತವೆ. ಅಷ್ಟು ದೊಡ್ಡ ಅವಿಭಾಜ್ಯ ಸಿಗುವುದು ಹೇಗೆ? ಯಾವುದೋ ಒಂದು ಬೆಸಸಂಖ್ಯೆ ಆರಿಸಿ ಪರೀಕ್ಷಿಸುವುದು, ಅಲ್ಲವಾದರೆ ಇನ್ನೊಂದು. ಆ ಗಾತ್ರದಲ್ಲಿ ಸರಾಸರಿ 700 ಸಂಖ್ಯೆಗಳಿಗೊಂದು ಅವಿಭಾಜ್ಯ. ಸಮಸಂಖ್ಯೆ ಬಿಟ್ಟರೆ 350ಕ್ಕೊಂದು. ಎಂಜಿನಿಯರಿಗೆ ಇಷ್ಟು ಸಾಕು.

ಗಣಿತಜ್ಞರಿಗೆ ಸಾಲದು. ಒಂದು ಸಂಖ್ಯೆಯಿಂದ ಹೊರಟು ಅದರ ವರ್ಗಮೂಲದಷ್ಟು ದೂರ ನಡೆಯಿರಿ. 100ರಿಂದ 110ರೊಳಗೆ 101, 103, 107, 109 ಸಿಗುತ್ತವೆ. 10,000ದಿಂದ 10,100ರೊಳಗೆ 10,007 ಮೊದಲ್ಗೊಂಡು ಹಲವು. ಆದರೆ ಎಷ್ಟೇ ದೊಡ್ಡ ಸಂಖ್ಯೆಯಿಂದ ಹೊರಟರೂ ಒಂದಾದರೂ ಸಿಕ್ಕೇ ಸಿಗುತ್ತದೆಂದು ಇದುವರೆಗೆ ಯಾರೂ ಸಾಧಿಸಿಲ್ಲ. ಪ್ರಸಿದ್ಧ ರೀಮನ್ ಊಹೆ ನಿಜವೆಂದು ಒಪ್ಪಿಕೊಂಡರೂ ಇದು ಕೈಗೆಟುಕುವುದಿಲ್ಲ.

ರಾಮಚಂದ್ರ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿದರು. ಆ ದಾರಿಯಲ್ಲಿ ಅವಿಭಾಜ್ಯ ಸಿಗದಿದ್ದರೂ, ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆಯಾದರೂ ಸಿಗುತ್ತದೆಯೇ? 10,080ರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಬರೀ 7. ಆದರೆ 10,002 ಎಂದರೆ 2 × 3 × 1,667. ಇಲ್ಲಿ 1,667 ದೊಡ್ಡ ಅವಿಭಾಜ್ಯ. ಸಾಕಷ್ಟು ದೊಡ್ಡ ಸಂಖ್ಯೆಯಿಂದ ಹೊರಟರೆ ಇಂಥದ್ದು ಖಂಡಿತ ಸಿಗುತ್ತದೆಂದು ಅವರು 1969ರಲ್ಲಿ ತೋರಿಸಿದರು. ಆಗ ಅಪವರ್ತನದ ಘಾತ 15/26. ಮುಂದಿನ ವರ್ಷ ಅದನ್ನು 5/8ಕ್ಕೆ ಏರಿಸಿದರು. ಎಂದರೆ, ಸ್ಥೂಲವಾಗಿ ಸಂಖ್ಯೆಯಲ್ಲಿ ಎಂಟು ಅಂಕಿಗಳಿದ್ದಲ್ಲಿ ಅಪವರ್ತನದಲ್ಲಿ ಐದು ಎಂಬ ಲೆಕ್ಕ. ನಂತರದವರು ಅದನ್ನು ಮುಕ್ಕಾಲರ ಹತ್ತಿರಕ್ಕೆ ತಂದಿದ್ದಾರೆ. ಪೂರ್ತಿ ಒಂದಕ್ಕೆ ಮುಟ್ಟಿದವರಿಲ್ಲ.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಅವರು 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ 'ಹಾರ್ಡಿ–ರಾಮಾನುಜನ್ ಜರ್ನಲ್' ಆರಂಭಿಸಿದರು. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳಿದರು, 2011ರಲ್ಲಿ ತೀರಿಕೊಂಡರು.

'ಇದರಿಂದೇನು ಉಪಯೋಗ?' ಎಂದು ಮನೆಯಲ್ಲಿ ಕೇಳುವವರಿಗೆ ಒಂದು ಮಾತು: ರಾಮಚಂದ್ರರು ಆ ಪ್ರಬಂಧ ಬರೆದಾಗ ಆರ್‌ಎಸ್‌ಎ ಹುಟ್ಟಿಯೇ ಇರಲಿಲ್ಲ. ಅದು ಬಂದದ್ದು 1977ರಲ್ಲಿ. ಈ ದಸರಾ ರಜೆಯಲ್ಲಿ ಮಕ್ಕಳ ಕೈಗೆ ಕಾಗದ ಕೊಟ್ಟು 900ರಿಂದ 930ರವರೆಗೆ ಹುಡುಕಲು ಹೇಳಿ. ನಾಲ್ಕು ಅವಿಭಾಜ್ಯಗಳಿವೆ.