ಹಿಟ್ಟಿನ ಮೂಟೆಗೆಂದು ಕಟ್ಟಿದ ನಿಲ್ದಾಣ

ಭಾರತದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ಠಾಣೆಗೆ ಹೊರಟದ್ದು 1853ರಲ್ಲಿ. ಅದಕ್ಕೂ 22 ವರ್ಷ ಮೊದಲೇ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಾಟ್ ಸಿಟಿಯಲ್ಲಿ ಕಟ್ಟಿ ಮುಗಿಸಿದ್ದ ಕಲ್ಲಿನ ನಿಲ್ದಾಣ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆ ದೇಶದಲ್ಲಿ ಉಳಿದಿರುವ ರೈಲು ನಿಲ್ದಾಣಗಳಲ್ಲೆಲ್ಲ ಇದೇ ಹಳೆಯದು. ಈಗ ಅದು ವಸ್ತುಸಂಗ್ರಹಾಲಯ.

ಪಟಾಪ್ಸ್ಕೊ ನದಿಯ ದಂಡೆಯಲ್ಲಿ ಎಲಿಕಾಟ್ ಸಹೋದರರು 1772ರಲ್ಲಿ ಹಾಕಿದ ಹಿಟ್ಟಿನ ಗಿರಣಿಯ ಸುತ್ತ ಬೆಳೆದ ಊರಿದು. ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿ ಬಾಲ್ಟಿಮೋರ್‌ನಿಂದ ತನ್ನ ಮೊದಲ 13 ಮೈಲಿ ಹಳಿ ಹಾಸಿ ಮುಟ್ಟಿಸಿದ್ದು ಇಲ್ಲಿಗೇ. 1830ರ ಮೇ ತಿಂಗಳಲ್ಲಿ ಸಂಚಾರ ಶುರುವಾದಾಗ ಗಾಡಿ ಎಳೆದದ್ದು ಕುದುರೆಗಳು. ನಡುದಾರಿಯ ರಿಲೇ ಎಂಬಲ್ಲಿ ದಣಿದ ಕುದುರೆ ಬಿಚ್ಚಿ ಬೇರೆಯದನ್ನು ಕಟ್ಟುತ್ತಿದ್ದರು. ಅದೇ ವರ್ಷ ಪೀಟರ್ ಕೂಪರ್ ತನ್ನ ಪುಟ್ಟ ಉಗಿಬಂಡಿ ‘ಟಾಮ್ ಥಂಬ್’ ಅನ್ನು ಈ ಹಳಿಯ ಮೇಲೆ ಓಡಿಸಿ ತೋರಿಸಿದ. ಬೆಲ್ಟ್ ಜಾರಿ ಅದು ಕುದುರೆಯೆದುರು ಪಂದ್ಯ ಸೋತಿತೆಂಬ ಕಥೆಯಿದೆ. ಸೋತರೂ ಹಳಿ ಕೊನೆಗೆ ಒಲಿದದ್ದು ಉಗಿಗೇ.

ರೈಲು ನಿಲ್ದಾಣವೆಂದರೆ ಹೇಗಿರಬೇಕೆಂದು ತೋರಿಸಲು ಆಗ ಅಮೆರಿಕದಲ್ಲಿ ಮಾದರಿಯೇ ಇರಲಿಲ್ಲ. ಅಲ್ಲೇ ಸಿಗುವ ಗ್ರಾನೈಟ್‌ನಲ್ಲಿ ಎಬ್ಬಿಸಿದ ಈ ಕಟ್ಟಡ ಮೊದಲಿಗೆ ಸರಕಿನದು. ಪ್ರಯಾಣಿಕರಿಗೆ ಒಳಗೆ ಕಾಯುವ ಕೋಣೆ ಸಿಕ್ಕಿದ್ದು 1850ರ ದಶಕದಲ್ಲಿ. 1863ರಲ್ಲಿ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಬಂತು, 1885ರಲ್ಲಿ ಪಕ್ಕದ ಸರಕು ಗೋದಾಮು. ರೈಲ್ವೆ ತನ್ನ ಕಸುಬನ್ನು ಹಂತಹಂತವಾಗಿ ಕಲಿತ ಬಗೆ ಈ ಒಂದೇ ಆವರಣದಲ್ಲಿ ಕಣ್ಣಿಗೆ ಕಾಣುತ್ತದೆ. ಇದರ ನಿಜವಾದ ಬೆಲೆ ಅದೇ.

1949ರಲ್ಲಿ ಪ್ರಯಾಣಿಕ ರೈಲು ನಿಂತಿತು. 1972ರ ಆಗ್ನೆಸ್ ಚಂಡಮಾರುತದ ಪ್ರವಾಹದ ನಂತರ ಸರಕಿನ ಕೆಲಸವೂ ನಿಂತಿತು. ಆದರೆ 1968ರಲ್ಲೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿದ್ದ ಕಟ್ಟಡವನ್ನು ದುರಸ್ತಿ ಮಾಡಿ, 1970ರ ದಶಕದಲ್ಲೇ ವಸ್ತುಸಂಗ್ರಹಾಲಯವಾಗಿ ತೆರೆದರು. ಗೋದಾಮಿನಲ್ಲಿ ಆ ಮೊದಲ 13 ಮೈಲಿಯ ಪುಟಾಣಿ ರೈಲು ಮಾದರಿ ಓಡುತ್ತದೆ. ಹೊರಗೆ 1927ರ ಗಾರ್ಡ್ ಡಬ್ಬಿ ನಿಂತಿದೆ. ಮಗ್ಗುಲಿನ ಹಳಿಯ ಮೇಲೆ ಗೂಡ್ಸ್ ರೈಲುಗಳು ಈಗಲೂ ಓಡಾಡುತ್ತವೆ.

2016 ಮತ್ತು 2018ರ ದಿಢೀರ್ ಪ್ರವಾಹಗಳು ಊರಿನ ಮುಖ್ಯಬೀದಿಯನ್ನೇ ಕೊಚ್ಚಿ ಹಾಕಿದವು. ಕಲ್ಲಿನ ನಿಲ್ದಾಣ ಅದನ್ನೂ ತಾಳಿಕೊಂಡಿತು. ಅರಮನೆ, ಕೋಟೆಗಳನ್ನು ಉಳಿಸಲು ಎಲ್ಲ ಕಡೆಯೂ ಜನ ಮುಂದೆ ಬರುತ್ತಾರೆ. ಮೂಟೆ ಹೊತ್ತವರ, ಹಳಿ ಕಾದವರ ಕೆಲಸದ ಜಾಗಕ್ಕೂ ಅಷ್ಟೇ ಗೌರವ ಸಲ್ಲಬೇಕೆಂದು ಈ ಸಣ್ಣ ಊರು ಮಾಡಿ ತೋರಿಸಿದೆ.